ಉಂಡುದನ್ನು ನೆನೆಯುವ ಹಬ್ಬ

ಪ್ರತಿ ವರ್ಷ ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ ಅಮೆರಿಕದಲ್ಲಿ ‘ಥ್ಯಾಂಕ್ಸ್‌ಗಿವಿಂಗ್’ ಎಂಬ ಹಬ್ಬ ನಡೆಯುತ್ತದೆ. ಕೆನಡಾದವರು ಇದನ್ನು ಅಕ್ಟೋಬರ್ ತಿಂಗಳ ಎರಡನೆಯ ಸೋಮವಾರ ಆಚರಿಸುತ್ತಾರೆ. ನಮ್ಮ ಗಡಿನಾಡಿನ ಮನೆಗಳಿಂದ ಓದಿ ಹೋಗಿ ಆ ದೇಶಗಳಲ್ಲಿ ನೆಲೆಸಿರುವ ಮಕ್ಕಳು ಅಂದು ದೂರವಾಣಿಯಲ್ಲಿ, “ಇವತ್ತು ರಜೆ, ಎಲ್ಲರೂ ಕೂಡಿ ಉಣ್ಣುತ್ತಿದ್ದೇವೆ” ಎಂದು ತಿಳಿಸುವುದುಂಟು. “ಅದು ಯಾವ ದೇವರ ಹಬ್ಬವಪ್ಪಾ?” ಎಂದು ಅಜ್ಜಿಯರು ಕೇಳುತ್ತಾರೆ. ಪ್ರಶ್ನೆ ಉಚಿತವಾದುದೇ. ಈ ತಿಂಗಳು ಅದನ್ನೇ ವಿಚಾರಿಸೋಣ.

ಇಂಗ್ಲೆಂಡಿನಿಂದ 1620ರಲ್ಲಿ ಹೊರಟು ಪ್ಲಿಮತ್ ಎಂಬಲ್ಲಿ ನೆಲೆಯೂರಿದವರ ಪೈಕಿ ಸುಮಾರು ಅರ್ಧದಷ್ಟು ಜನ ಮೊದಲ ಚಳಿಗಾಲದಲ್ಲಿಯೇ ಮಡಿದರು. ಉಳಿದವರಿಗೆ ಮೆಕ್ಕೆಜೋಳ ಬಿತ್ತುವ ಕ್ರಮವನ್ನು ಕಲಿಸಿದವನು ಟಿಸ್ಕ್ವಾಂಟಮ್ ಎಂಬ ಆ ನೆಲದ ಮೂಲನಿವಾಸಿ. 1621ರಲ್ಲಿ ಫಸಲು ಕೈಸೇರಿದಾಗ ವಾಂಪನೋಗ್ ಜನಾಂಗದ ಸುಮಾರು 90 ಮಂದಿ ಮತ್ತು ವಲಸೆ ಬಂದವರು ಮೂರು ದಿನ ಕೂಡಿ ಉಂಡರು. 1863ರಲ್ಲಿ ಅಧ್ಯಕ್ಷ ಲಿಂಕನ್ನರು ಇಂಥ ದಿನವೊಂದನ್ನು ರಾಷ್ಟ್ರಕ್ಕೆಲ್ಲ ಘೋಷಿಸಿದರು. ಆದರೆ ಕಲಿಸಿಕೊಟ್ಟವರ ನೆಲ ಕಾಲಕ್ರಮದಲ್ಲಿ ಅವರ ಕೈತಪ್ಪಿತು. ಆದಕಾರಣ 1970ರಿಂದ ಮೂಲನಿವಾಸಿಗಳು ಅದೇ ದಿನ ಅದೇ ಪ್ಲಿಮತ್‌ನಲ್ಲಿ ನೆರೆದು ಶೋಕದಿನವನ್ನು ಆಚರಿಸುತ್ತಾರೆ. ಹಬ್ಬವೊಂದು, ನೆನಪು ಎರಡು.

ಈ ಕಥೆಯಲ್ಲಿ ನಮಗೂ ಪಾಠವಿದೆ. ‘ಕೃತಜ್ಞ’ ಎಂಬ ಪದವನ್ನು ಬಿಡಿಸಿ ನೋಡಿದರೆ ‘ಮಾಡಿದುದನ್ನು ಅರಿತವನು’ ಎಂದಾಗುತ್ತದೆ. ಯಾರು ಏನು ಮಾಡಿದರೆಂಬುದನ್ನು ಅರಿಯದೆ ಹೇಳುವ ವಂದನೆ ಬಾಯಿಮಾತು. ನಮ್ಮ ಹಳ್ಳಿಗರ ಬಾಯಲ್ಲಿ ‘ಧನ್ಯವಾದ’ ಎಂಬ ಶಬ್ದ ಸುಲಭವಾಗಿ ಹೊರಳುವುದಿಲ್ಲ; ನೀರು ಕೊಟ್ಟವರಿಗೆ “ನಿನ್ನ ಹೊಟ್ಟೆ ತಣ್ಣಗಿರಲಿ” ಎನ್ನುತ್ತಾರೆ. ಉಂಡ ಮನೆಯ ಜಂತೆ ಎಣಿಸಬಾರದೆಂಬುದೂ ಅವರದೇ ಮಾತು. ಪದವಿಲ್ಲದಿದ್ದರೂ ಅರಿವಿದೆ.

ಭೈರವಾನಿತಿಪ್ಪದ ಸುತ್ತಿನ ನಮ್ಮ ಸೀಮೆ ಮಳೆಯ ನೆರಳಿನದು. ಅನಂತಪುರದ ಸೀಮೆಗೆ ವರ್ಷಕ್ಕೆ ಸರಾಸರಿ ಬೀಳುವುದು ಸುಮಾರು 550 ಮಿಲಿಮೀಟರ್ ಮಳೆ. ವೇದಾವತಿಗೆ ಇಲ್ಲಿ ಅಣೆಕಟ್ಟೆಯಿದ್ದರೂ ಅದು ತುಂಬುವ ವರ್ಷಗಳು ವಿರಳ. ಇದೇ ಹೊಳೆಗೆ ಮೇಲ್ಗಡೆ ಹಿರಿಯೂರಿನ ಬಳಿ 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರ 1933ರಲ್ಲೊಮ್ಮೆ ಕೋಡಿ ಬಿದ್ದು, ಮತ್ತೆ ಕೋಡಿ ಬಿದ್ದುದು 89 ವರ್ಷಗಳ ಅನಂತರ, 2022ರಲ್ಲಿ. ಇಂಥ ನಾಡಿನಲ್ಲಿ ಫಸಲು ಬಂದ ಮೇಲೆಯೇ ಕೃತಜ್ಞತೆ ಎಂದು ಕಾದು ಕುಳಿತರೆ ಎಷ್ಟೋ ವರ್ಷ ಹಬ್ಬವೇ ಬರಲಾರದು.

ಹಿರಿಯರು ಇದನ್ನು ಬಲ್ಲವರಾಗಿದ್ದರು. ಜ್ಯೇಷ್ಠ ಮಾಸದ ಹುಣ್ಣಿಮೆಯಂದು, ಬಿತ್ತನೆಯ ಹೊಸ್ತಿಲಲ್ಲಿ, ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು ಪೂಜಿಸುವುದು ಕಾರಹುಣ್ಣಿಮೆ. ನಮ್ಮ ನೆರೆಮನೆಯ ತೆಲುಗರು ಅದೇ ದಿನವನ್ನು ಏರುವಾಕ ಪುನ್ನಮಿ ಎನ್ನುತ್ತಾರೆ. ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಕಾಳಿನ್ನೂ ಮಣ್ಣು ಸೇರುತ್ತಿರುವಾಗಲೇ, ಬೆಳೆ ಬಂದೀತೋ ಬಾರದೋ ತಿಳಿಯದಿರುವಾಗಲೇ, ಸಲ್ಲಬೇಕಾದ ವಂದನೆ ದುಡಿಯುವ ಜೀವಕ್ಕೆ ಸಂದುಬಿಡುತ್ತದೆ.

ಸುಗ್ಗಿಯ ಕೃತಜ್ಞತೆಯ ಠಾವು ಕಣವಾಗಿತ್ತು. ನೆಲವನ್ನು ಸಗಣಿಯಿಂದ ಸಾರಿಸಿ, ನಡುವೆ ಮೇಟಿ ನೆಟ್ಟು, ರಾಶಿಯನ್ನು ಪೂಜಿಸಿದ ಮೇಲೆಯೇ ಅಳತೆ. ಬಡಗಿ, ಕಮ್ಮಾರ, ಕುಂಬಾರ, ಅಗಸ ಮುಂತಾದ ಆಯಗಾರರಿಗೆ ಕಣದಲ್ಲಿಯೇ ಪಾಲು. ಆದರೆ ಇದನ್ನು ಬಣ್ಣ ಕಟ್ಟಿ ಹೇಳುವುದೂ ತರವಲ್ಲ. ಆ ಪಾಲು ದಾನವಾಗಿರಲಿಲ್ಲ, ವರ್ಷದ ದುಡಿಮೆಯ ಕೂಲಿಯಾಗಿತ್ತು. ದುಡಿದವರಲ್ಲಿ ಕೆಲವರು ಕಣದಿಂದ ದೂರ ನಿಂತು ಸೆರಗೊಡ್ಡಬೇಕಾಗಿತ್ತು. ಪ್ಲಿಮತ್‌ನ ಶೋಕದಿನ ಹೇಳುವ ಮಾತು ನಮಗೂ ಅನ್ವಯಿಸುತ್ತದೆ. ಮನೆಯ ಹಬ್ಬದಲ್ಲಿ ನಮಗಾಗಿ ದುಡಿದವರೂ ಅದೇ ಪಂಕ್ತಿಯಲ್ಲಿ ಕುಳಿತು ಉಣ್ಣುವಂತಾಗಬೇಕು.

ಇಂದು ಕಣಗಳು ಕಡಿಮೆಯಾದುವು. ನವಣೆ ಜೋಳಗಳ ಹೊಲವನ್ನು ಕಡಲೆಕಾಯಿ ಹಿಡಿಯಿತು. ಎತ್ತಿನ ಕೆಲಸವನ್ನು ಟ್ರ್ಯಾಕ್ಟರು ಮಾಡುತ್ತಿದೆ. ತರಗತಿಯಲ್ಲಿ ನಾವು ‘ಮೇಟಿ’ ಎಂದರೇನೆಂದು ಕೇಳಿದಾಗ ಒಂದು ಮಗುವೂ ಕೈ ಎತ್ತಲಿಲ್ಲ. ವಸ್ತು ಹೋದರೆ ಹೆಸರು ಹೋಗುತ್ತದೆ. ಹೆಸರು ಹೋದರೆ ಋಣವೂ ಮರೆಯುತ್ತದೆ. ಯಂತ್ರವನ್ನು ಹಿಂದಕ್ಕೆ ಕಳಿಸಿರೆಂದು ನಾವು ಹೇಳುತ್ತಿಲ್ಲ. ವರ್ಷಕ್ಕೊಂದು ಸಂಜೆಯನ್ನು ನೆನಪಿಗೆಂದು ಮೀಸಲಿಡಿರೆಂದು ಮಾತ್ರ ಬೇಡುತ್ತೇವೆ. ಸಂಕ್ರಾಂತಿಯ ರಜೆಗೆ ಮಕ್ಕಳು ಮನೆಗೆ ಬಂದಿರುತ್ತಾರೆ. ಅದೇ ಪ್ರಶಸ್ತ ಕಾಲ. ಪರದೇಶದಲ್ಲಿರುವವರಿಗೆ ಆ ನವೆಂಬರ್ ಗುರುವಾರವೂ ಆದೀತು.

ಊಟ ಸರಳವಾಗಿರಲಿ. ಸಜ್ಜೆಯ ರೊಟ್ಟಿ, ಅವರೆಕಾಳಿನ ಸಾರು, ಬದನೆಕಾಯಿ ಪಲ್ಯ, ಕಡಲೆಕಾಯಿ ಚಟ್ನಿ, ನವಣೆ ಅನ್ನಕ್ಕೆ ಮಜ್ಜಿಗೆ, ಕೊನೆಗೆ ಎಳ್ಳುಬೆಲ್ಲ. ಎಲೆಯ ಮೇಲಿರುವುದು ಆದಷ್ಟೂ ಸ್ವಂತ ಹೊಲದ್ದೋ ನೆರೆಯವರ ಹೊಲದ್ದೋ ಆಗಿರಲಿ. ಪ್ರತಿಯೊಂದನ್ನೂ ಬಡಿಸುವಾಗ ಬೆಳೆದವರ ಹೆಸರನ್ನು ಹೇಳಿರಿ. ಸಾಲ ತಂದು ಮಾಡುವ ಹಬ್ಬದಲ್ಲಿ ಅತಿಥಿಗಿಂತ ಮೊದಲು ಬಡ್ಡಿ ಉಣ್ಣುತ್ತದೆ.

ಕಾಣಿಕೆಗಳನ್ನು ಕೈಯಿಂದಲೇ ಮಾಡಿರಿ. ಕೆರೆಯಂಗಳದ ಜಿಗುಟು ಮಣ್ಣು ತಂದು, ಹರಳು ಆರಿಸಿ, ಹದವಾಗಿ ನಾದಿ ಮಕ್ಕಳ ಕೈಗೆ ಕೊಡಿರಿ. ಮುಂಡ, ಕಾಲು, ಹಿಣಿಲು, ಕೋಡು ಮೂಡಿದ ಮೇಲೆ ಜೋಳದ ಕಾಳಿನ ಕಣ್ಣು. ನೆರಳಿನಲ್ಲಿ ಒಣಗಿಸಬೇಕು, ಬಿಸಿಲಿಗಿಟ್ಟರೆ ಬಿರಿಯುತ್ತದೆ. ದಂಟುಸಹಿತ ಕೊಯ್ದ ತೆನೆಗಳನ್ನು ಜಡೆಯಂತೆ ಹೆಣೆದು ಬಾಗಿಲ ಮೇಲೆ ತೂಗಹಾಕಿದರೆ ಮನೆಗೆ ಅಂದ, ಗುಬ್ಬಿಗೆ ಆಹಾರ. ಅಜ್ಜಿಯ ಹಳೆಯ ಸೀರೆಗಳಿಂದ ಹೊಲಿದ ಕೌದಿಯನ್ನು ಹೊದ್ದ ಮಗು ಅಜ್ಜಿಯನ್ನು ಮರೆಯದು.

ಎಲ್ಲಕ್ಕಿಂತ ಮಿಗಿಲಾದ ಕಾಣಿಕೆ ಒಂದು ನೋಟುಬುಕ್ಕು. 1953ರಲ್ಲಿ ರಾಯದುರ್ಗ ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಅನಂತಪುರಕ್ಕೆ ಸೇರಿತು. ಅಂದಿನಿಂದ ನಮ್ಮಲ್ಲಿ ಅನೇಕ ಮಕ್ಕಳಿಗೆ ಕನ್ನಡ ನಾಲಗೆಯ ಮೇಲಿದೆ, ಬೆರಳ ತುದಿಯಲ್ಲಿಲ್ಲ. ತೆಲುಗನ್ನಾಗಲಿ ಇಂಗ್ಲಿಷನ್ನಾಗಲಿ ಕಲಿಯುವುದು ಒಳ್ಳೆಯದೇ. ಆದರೆ ತಾತನ ಕಾಗದವನ್ನು ಮೊಮ್ಮಗ ಓದಲಾರದಂತಾದರೆ ನಷ್ಟ ಇಬ್ಬರಿಗೂ. ಆ ಸಂಜೆ ಹಿರಿಯರು ಹೇಳಲಿ, ಮಗು ಕನ್ನಡದಲ್ಲಿ ಬರೆಯಲಿ: ಬೀಜ ಕೊಟ್ಟವರಾರು, ಬಾವಿ ತೋಡಿದವರಾರು, ಹೆರಿಗೆಗೆ ಅರ್ಧರಾತ್ರಿಯಲ್ಲಿ ಎದ್ದು ಬಂದವರಾರು, ಅಕ್ಷರ ಕಲಿಸಿದವರಾರು. ಲೇವಾದೇವಿಯವನ ಪುಸ್ತಕದಲ್ಲಿ ಹಣದ ಋಣ ಮಾತ್ರ ಇರುತ್ತದೆ. ಈ ಪುಸ್ತಕದಲ್ಲಿ ಉಳಿದ ಋಣವೆಲ್ಲ ಇರಲಿ.

“ಮಳೆ ಬಾರದ ವರ್ಷ ಬರೆಯುವುದೇನನ್ನು?” ಎಂದು ಕೇಳಬಹುದು. ಪ್ರಿಯ ಓದುಗರೇ, ಆ ವರ್ಷದ ಪುಟವೇ ಎಲ್ಲಕ್ಕಿಂತ ಉದ್ದವಾದೀತು. ಬೆಳೆ ಬಂದಾಗ ನಾವು ನಮ್ಮ ಹೊಲದಿಂದ ಬದುಕುತ್ತೇವೆ, ಬಾರದಿದ್ದಾಗ ನೆರೆಯವರಿಂದ. ಮೇವು ಕೊಟ್ಟವರು, ಬಾಕಿ ಕೇಳದೆ ಕಾದವರು, ದೂರದ ಊರಿನಲ್ಲಿ ಕೂಲಿಗೆ ಹೋದಾಗ ನಮ್ಮ ಮಕ್ಕಳಿಗೆ ಅನ್ನವಿಕ್ಕಿದವರು, ಇವರ ಹೆಸರುಗಳು ಅಳಿಯದಂತೆ ಬರೆದಿಡಿರಿ. ಬರೆದವರ, ಬರೆಸಿದವರ ಹೊಟ್ಟೆ ತಣ್ಣಗಿರಲಿ.