ತಲೆಬುರುಡೆಗೂ ಕಿಂಡಿಗಳುಂಟು

ದುರ್ಗದ ಕೋಟೆ ಹತ್ತಿದ ನನ್ನ ಶಿಷ್ಯರಿಗೂ ಬಂಧುಗಳಿಗೂ ಹೆಬ್ಬಾಗಿಲು, ಕಿಂಡಿಗಳ ವ್ಯತ್ಯಾಸವನ್ನು ವಿವರಿಸಬೇಕಾಗಿಲ್ಲ. ತಲೆಬುರುಡೆಯ ತಳವೂ ಅಂಥದೇ ಕೋಟೆ. ಉಸಿರಾಟ, ಹೃದಯ ಬಡಿತಗಳನ್ನು ನಿಯಂತ್ರಿಸುವ ಮೆದುಳಿನ ಕಾಂಡ ಅದರ ಒಳಮಗ್ಗುಲಲ್ಲಿದೆ. ಕಾಂಡಕ್ಕೆ ಒತ್ತಿಕೊಂಡು ಗಡ್ಡೆ ಬೆಳೆದರೆ ಶಸ್ತ್ರವೈದ್ಯರು ಯಾವ ದಾರಿಯಿಂದ ಹೋಗಬೇಕು?

ಕಿವಿಯ ಹಿಂದಿನ ಮೂಳೆ ತೆರೆದು, ಕಿರುಮೆದುಳನ್ನು ಮೆಲ್ಲನೆ ಸರಿಸಿ ಹೋಗಬಹುದು. ಶ್ರವಣಶಕ್ತಿ ಉಳಿದೀತೆಂಬ ಆಸೆ ಅಲ್ಲಿದೆ. ಒಳಗಿವಿಯನ್ನೇ ಕೊರೆದು ಹೋದರೆ ಕಿರುಮೆದುಳಿನ ಮೇಲೆ ಒತ್ತಡ ಕಡಿಮೆ, ಆದರೆ ಆ ಕಿವಿ ಶಾಶ್ವತವಾಗಿ ಕಿವುಡು. ಕಾಂಡದ ಮುಂದಿರುವ ಗಡ್ಡೆಗೆ ಮೂಗಿನ ಮೂಲಕ ಎಂಡೋಸ್ಕೋಪ್ ಇಳಿಸುವುದುಂಟು. ಹೊರಗೆ ಗಾಯ ಕಾಣದೆಂದು ನಮ್ಮ ಹಿರಿಯೂರು, ಹೊಳಲ್ಕೆರೆಯ ಮನೆಗಳಲ್ಲಿ ಅದನ್ನೇ ಹೊಗಳುತ್ತಾರೆ. ಮೆದುಳಿನ ದ್ರವ ಮೂಗಿನಿಂದ ಸೋರುವ ಅಪಾಯವನ್ನು ಯಾರೂ ಎತ್ತುವುದಿಲ್ಲ. ಗಾಯ ಕಾಣದಿರುವುದೇ ಹಿರಿಮೆಯೆಂಬುದನ್ನು ನಾನಂತೂ ಒಪ್ಪೆನು.

ಕಿಂಡಿ ಹುಡುಕುವ ಜಾಣ್ಮೆ ನಮ್ಮ ನಾಡಿಗೆ ಹೊಸದಲ್ಲ. ಮುಂದೆ ನಿಮ್ಹಾನ್ಸ್‌ನ ನಿರ್ದೇಶಕರಾದ ಡಾ. ಆರ್. ಎಂ. ವರ್ಮ ಅವರು 1960ರ ದಶಕದಲ್ಲಿ ಬೆಂಗಳೂರಿನಲ್ಲಿ ಪಾರ್ಕಿನ್ಸನ್ ರೋಗಿಗಳ ಬುರುಡೆಯನ್ನು ಕೊರೆಯದೆ, ದವಡೆಯ ನರ ಹೊರಬರಲೆಂದು ಪ್ರಕೃತಿಯೇ ತಳದಲ್ಲಿಟ್ಟ ಅಂಡಾಕಾರದ ರಂಧ್ರದಿಂದ ಸೂಜಿ ತೂರಿಸಿ ಚಿಕಿತ್ಸೆ ನೀಡಿದರು. ಆದರೆ ಸೂಜಿ ಹಿಡಿಸುವ ಕಿಂಡಿಯಲ್ಲಿ ಗಡ್ಡೆಯನ್ನು ಹೊರತೆಗೆಯಲಾಗದು!

ಆದ್ದರಿಂದ ದಾರಿಯನ್ನು ರೋಗಿಯ ಬಾಳಿನೊಂದಿಗೆ ತೂಗಬೇಕು. ಹೊಸದುರ್ಗದ ರೈತನೊಬ್ಬನ ಮತ್ತೊಂದು ಕಿವಿ ಮೊದಲೇ ಮಂದವಾಗಿದ್ದರೆ ಒಳಗಿವಿಯ ದಾರಿ ಅವನನ್ನು ಮೌನಕ್ಕೆ ತಳ್ಳೀತು; ಗಡ್ಡೆಯಿರುವ ಕಿವಿಯೇ ಕೇಳದಾಗಿದ್ದರೆ ಅದೇ ದಾರಿ ಲೇಸು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಖರ್ಚೆಷ್ಟು, ಎಷ್ಟು ದಿನ ಎಂದಷ್ಟೇ ಕೇಳದೆ, ಎರಡೂ ಕಿವಿಗಳ ಪರೀಕ್ಷೆ ಆಗಿದೆಯೇ, ಮುಖದ ನರ ಗಡ್ಡೆಯ ಯಾವ ಬದಿಗಿದೆ ಎಂದೂ ಕೇಳಿರಿ.