ಹಳೆಯ ಫೋನಿನ ವೇಗ ಯಾರ ಕೈಯಲ್ಲಿ?

ಡಿಸೆಂಬರ್ ಬಂತೆಂದರೆ ಫ್ರೀಮಾಂಟ್, ಸನಿವೇಲ್‌ಗಳ ಕನ್ನಡ ಮನೆಗಳಲ್ಲಿ ಡ್ರಾಯರಿನೊಳಗಿನ ಹಳೆಯ ಫೋನುಗಳು ಹೊರಬರುತ್ತವೆ. ಊರಿಗೆ ಹೊರಟವರ ಕೈಚೀಲದಲ್ಲಿ ಬಾದಾಮಿ, ಚಾಕೊಲೇಟುಗಳ ನಡುವೆ ಅವಕ್ಕೂ ಒಂದು ಜಾಗ. ಇಲ್ಲಿ ನಾಲ್ಕು ವರ್ಷ ದುಡಿದದ್ದು ಅಲ್ಲಿ ಚಿಕ್ಕಮ್ಮನಿಗೋ ತಂಗಿಯ ಮಗನಿಗೋ ಇನ್ನು ನಾಲ್ಕು ವರ್ಷ ಬರಲಿ ಎಂಬ ಆಸೆ. ಊರು ಸೇರಿದ ವಾರದಲ್ಲೇ ದೂರು ಬರುತ್ತದೆ: ಬಹಳ ನಿಧಾನ. ಮನೆಯ ಎಂಜಿನಿಯರ್ ಹುಡುಗನಿಗೆ ಆಗ ಹೊಳೆಯುವ ಉಪಾಯ ಓವರ್‌ಕ್ಲಾಕಿಂಗ್. ಅಂದರೆ ಪ್ರೊಸೆಸರನ್ನು ತಯಾರಕರು ನಿಗದಿಪಡಿಸಿದ್ದಕ್ಕಿಂತ ಹೆಚ್ಚು ವೇಗದಲ್ಲಿ ಓಡಿಸುವುದು.

ಈ ಉಪಾಯಕ್ಕೊಂದು ಮರ್ಯಾದೆಯ ಚರಿತ್ರೆಯೇ ಇದೆ. 2008ರಲ್ಲಿ ಬಂದ ಮೊದಲ ಆಂಡ್ರಾಯ್ಡ್ ಫೋನಾದ ಜಿ1ರ ಚಿಪ್ಪು 528 ಮೆಗಾಹರ್ಟ್ಸ್ ಸಾಮರ್ಥ್ಯದ್ದು. ಅದನ್ನು 384ಕ್ಕೆ ತಗ್ಗಿಸಿ ಮಾರಲಾಗಿತ್ತು. ಹವ್ಯಾಸಿಗಳು ಆ ಕಡಿವಾಣವನ್ನು ಬಿಚ್ಚಿದರು. ಸ್ಯಾನ್ ಫ್ರಾನ್ಸಿಸ್ಕೋದ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ವಾದಿಸಿದ ಮೇಲೆ, ಸ್ವಂತ ಫೋನಿನ ತಂತ್ರಾಂಶದ ಬೀಗ ತೆಗೆಯುವುದಕ್ಕೆ ಕೃತಿಸ್ವಾಮ್ಯ ಕಾನೂನಿನಿಂದ 2010ರಲ್ಲಿ ವಿನಾಯಿತಿಯೂ ದೊರೆಯಿತು.

ಆದರೆ ಭೌತಶಾಸ್ತ್ರ ವಿನಾಯಿತಿ ಕೊಡುವುದಿಲ್ಲ. ಚಿಪ್ಪು ಬಳಸುವ ವಿದ್ಯುತ್ತು ವೇಗದೊಂದಿಗೆ ನೇರವಾಗಿ ಏರಿದರೆ, ವೋಲ್ಟೇಜಿನೊಂದಿಗೆ ಅದರ ವರ್ಗದಷ್ಟು ಏರುತ್ತದೆ. ವೇಗವನ್ನು ಶೇ. 25ರಷ್ಟು ಹೆಚ್ಚಿಸಲು ವೋಲ್ಟೇಜನ್ನು ಶೇ. 10ರಷ್ಟು ಏರಿಸಬೇಕಾಯಿತೆನ್ನೋಣ, ಖರ್ಚು ಸುಮಾರು ಒಂದೂವರೆ ಪಟ್ಟಾಯಿತು. ಆ ಶಾಖ ಹೋಗುವುದೆಲ್ಲಿಗೆ? ಫೋನಿಗೆ ಫ್ಯಾನಿಲ್ಲ, ಹಿಡಿದವರ ಅಂಗೈಯೇ ಅದರ ಕೊನೆಯ ದಾರಿ. ಕೆಲವೇ ನಿಮಿಷಗಳಲ್ಲಿ ಉಷ್ಣಸಂವೇದಕ ಎಚ್ಚೆತ್ತು ವೇಗವನ್ನು ತಾನೇ ಇಳಿಸುತ್ತದೆ. ಗಳಿಸಿದ್ದೆಲ್ಲ ಅಲ್ಲಿಗೆ ಮುಗಿಯಿತು. ಸಾಂತಾ ಕ್ಲಾರಾದ ಇಂಟೆಲ್ 2004ರಲ್ಲಿ 4 ಗಿಗಾಹರ್ಟ್ಸ್ ಪೆಂಟಿಯಂ ಯೋಜನೆಯನ್ನು ಕೈಬಿಟ್ಟು ಜೋಡಿ ಕೋರ್‌ಗಳತ್ತ ತಿರುಗಿದ್ದರ ಹಿಂದೆಯೂ ಇದೇ ಶಾಖದ ಗೋಡೆಯಿತ್ತು. ಇಷ್ಟಕ್ಕೂ ಹಳೆಯ ಫೋನು ತೆವಳುವುದು ಬಹಳ ಸಲ ಪ್ರೊಸೆಸರಿನಿಂದಲ್ಲ. ತುಂಬಿದ ಸಂಗ್ರಹ, ಸಾಲದ ಮೆಮೊರಿ, ವರ್ಷ ವರ್ಷ ಕೊಬ್ಬುವ ಆ್ಯಪ್‌ಗಳಿಂದ. ಜೊತೆಗೆ, ಬೀಗ ತೆಗೆದ ಫೋನಿನಲ್ಲಿ ಅನೇಕ ಬ್ಯಾಂಕ್ ಆ್ಯಪ್‌ಗಳು ತೆರೆಯಲು ನಿರಾಕರಿಸುತ್ತವೆ. ಚಿಕ್ಕಮ್ಮನಿಗೆ ಬೇಕಾದದ್ದು ಅದೇ ಆ್ಯಪ್.

ಎಲ್ಲಕ್ಕಿಂತ ದುರ್ಬಲವಾದದ್ದು ಬ್ಯಾಟರಿ. ವಯಸ್ಸಾದ ಲಿಥಿಯಂ ಬ್ಯಾಟರಿಯ ಆಂತರಿಕ ರೋಧ ಹೆಚ್ಚುತ್ತದೆ. ಪ್ರೊಸೆಸರ್ ಒಮ್ಮೆಲೇ ಹೆಚ್ಚು ವಿದ್ಯುತ್ತು ಕೇಳಿದರೆ ವೋಲ್ಟೇಜ್ ಕುಸಿದು ಫೋನು ಆರಿಹೋಗುತ್ತದೆ. ಐಫೋನ್ 6, 6ಎಸ್‌ಗಳಲ್ಲಿ ಆದದ್ದು ಇದೇ. ಕ್ಯುಪರ್ಟಿನೋದ ಆ್ಯಪಲ್ 2017ರ ಆರಂಭದ ಒಂದು ಅಪ್‌ಡೇಟಿನಲ್ಲಿ ಅವುಗಳ ವೇಗವನ್ನು ತಗ್ಗಿಸಿತು. ತಾಂತ್ರಿಕವಾಗಿ ಅದು ಸರಿಯಾದ ಮದ್ದೇ. ತಪ್ಪಿದ್ದು ಬೇರೆ ಕಡೆ: ಫೋನಿನ ಒಡೆಯನಿಗೆ ಹಾಗೆಂದು ಸ್ಪಷ್ಟವಾಗಿ ಹೇಳಲಿಲ್ಲ. ಹೊಸ ಬ್ಯಾಟರಿ ಸಾಕಿದ್ದಲ್ಲಿ ಜನ ಹೊಸ ಫೋನನ್ನೇ ಕೊಂಡರು. ಡಿಸೆಂಬರಿನಲ್ಲಿ ಗುಟ್ಟು ರಟ್ಟಾದ ಮೇಲೆ ಕಂಪನಿ ಕ್ಷಮೆ ಕೇಳಿತು, 79 ಡಾಲರಿನ ಬ್ಯಾಟರಿ ಬದಲಾವಣೆಯನ್ನು 29ಕ್ಕೆ ಇಳಿಸಿತು. 2020ರಲ್ಲಿ ತಪ್ಪೊಪ್ಪಿಕೊಳ್ಳದೆಯೇ 500 ಮಿಲಿಯನ್ ಡಾಲರಿನವರೆಗೆ ಪರಿಹಾರಕ್ಕೆ ಸಮ್ಮತಿಸಿತು.

ವೇಗ ಹೆಚ್ಚಿಸುವ ಹುಡುಗನೂ ತಗ್ಗಿಸುವ ಕಂಪನಿಯೂ ಮುಟ್ಟುವುದು ಒಂದೇ ತಿರುಪನ್ನು. ಒಬ್ಬನಿಗೆ ಅದು ವಾರಂಟಿ ಕಳೆಯುವ ಅಪರಾಧ, ಇನ್ನೊಬ್ಬರಿಗೆ ಸದ್ದಿಲ್ಲದ ಅಪ್‌ಡೇಟ್. ಪ್ರಗತಿಪರರು ಕೇಳಬೇಕಾದದ್ದು ಓವರ್‌ಕ್ಲಾಕಿಂಗಿನ ಹಕ್ಕನ್ನಲ್ಲ. ಆ ತಿರುಪು ಎಲ್ಲಿದೆ, ಯಾರು ಯಾವಾಗ ತಿರುಗಿಸಿದರು ಎಂದು ತಿಳಿಯುವ ಹಕ್ಕನ್ನು, ಮತ್ತು ಬ್ಯಾಟರಿ ಬದಲಿಸುವ ಹಕ್ಕನ್ನು. ಎರಡನೆಯದು ಅರ್ಧ ದೊರೆತಿದೆ. 2024ರ ಜುಲೈನಿಂದ ಜಾರಿಯಲ್ಲಿರುವ ಕ್ಯಾಲಿಫೋರ್ನಿಯಾದ ದುರಸ್ತಿ ಹಕ್ಕಿನ ಕಾನೂನು, 100 ಡಾಲರ್ ಮತ್ತು ಅದಕ್ಕೂ ಮೇಲ್ಪಟ್ಟ ಸಾಧನಗಳ ಬಿಡಿಭಾಗ, ಕೈಪಿಡಿಗಳನ್ನು ತಯಾರಿಕೆ ನಿಂತ ಮೇಲೂ 7 ವರ್ಷ ಒದಗಿಸಬೇಕೆನ್ನುತ್ತದೆ. ಆದರೆ ಅದು 2021ರ ಜುಲೈಗಿಂತ ಹಿಂದಿನ ಮಾದರಿಗಳಿಗೆ ಅನ್ವಯಿಸದು. ಡ್ರಾಯರಿನಲ್ಲಿರುವವು ಬಹುಪಾಲು ಅವೇ.

ಕೋಲಾರದ ನರಸಾಪುರದಲ್ಲಿ ಐಫೋನ್ ಜೋಡಿಸುತ್ತಿದ್ದ ಕಾರ್ಮಿಕರು ಸಂಬಳದ ವಿಷಯಕ್ಕೆ 2020ರ ಡಿಸೆಂಬರಿನಲ್ಲಿ ಸಿಡಿದೆದ್ದದ್ದು ಇಲ್ಲಿನ ಹಲವರಿಗೆ ಮರೆತಿರಬಹುದು. 2023ರಲ್ಲಿ ಕರ್ನಾಟಕ ಕಾರ್ಖಾನೆ ಕಾನೂನನ್ನು ತಿದ್ದಿ ದಿನಕ್ಕೆ 12 ಗಂಟೆಯ ದುಡಿಮೆಗೆ ದಾರಿ ಮಾಡಿತು. ಚಿಪ್ಪಿಗಾದರೂ ಒಂದು ಉಷ್ಣಸಂವೇದಕವಿದೆ.

ಈ ಡಿಸೆಂಬರಿನಲ್ಲಿ ಊರಿಗೆ ಹೊರಡುವವರು ಫೋನನ್ನು ಕೈಚೀಲಕ್ಕೆ ಹಾಕುವ ಮುನ್ನ ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿಯ ಆರೋಗ್ಯ ನೋಡಲಿ, ಅದು ಶೇ. 80ಕ್ಕಿಂತ ಕೆಳಗಿದ್ದರೆ ಇಲ್ಲಿಯೇ ಬದಲಿಸಲಿ. ಹುಡುಗನ ಉಪಾಯಕ್ಕಿಂತ ಅದರಿಂದ ಹೆಚ್ಚು ವೇಗ ಬರುತ್ತದೆ.