ಬ್ರೌಸರ್ ಮುಚ್ಚಿಕೊಂಡಾಗ ನಾವು ಏನನ್ನು ವೀಕ್ಷಿಸುತ್ತೇವೆ?

ಕಳೆದ ಬೋಧನಾಭ್ಯಾಸದಲ್ಲಿ ಹತ್ತನೆಯ ತರಗತಿಯ ಪಾಠವೊಂದನ್ನು ವೀಕ್ಷಿಸಿದೆ. ವಿಷಯ ಓಮ್‌ನ ನಿಯಮ. ಪ್ರಶಿಕ್ಷಣಾರ್ಥಿಯ ಸಿದ್ಧತೆ ಚೆನ್ನಾಗಿತ್ತು. ಕೊಲೊರಾಡೊ ವಿಶ್ವವಿದ್ಯಾಲಯದ ಫೆಟ್ ಯೋಜನೆಯ ವಿದ್ಯುನ್ಮಂಡಲದ ಸಿಮ್ಯುಲೇಶನ್ ತೋರಿಸಬೇಕೆಂದು ಪಾಠಯೋಜನೆಯಲ್ಲಿ ಬರೆದುಕೊಂಡಿದ್ದರು. ಶಾಲೆಯ ಕಂಪ್ಯೂಟರ್ ಹಳೆಯದು. ವಿಂಡೋಸ್ 7, 2 ಜಿಬಿ ರ‍್ಯಾಮ್. ಸಿಮ್ಯುಲೇಶನ್ ತೆರೆದ ಕೂಡಲೇ ಕ್ರೋಮ್ ತಾನಾಗಿಯೇ ಮುಚ್ಚಿಕೊಂಡಿತು. ಮೂರು ಸಲ ತೆರೆದರೂ ಅದೇ ಕಥೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಮಿಸ್, ಬರೀ ಅಕ್ಷರ ಇರೋ ಪೇಜಿಗೆ ಏನೂ ಆಗಲ್ಲ, ಚಿತ್ರ ಓಡೋಕೆ ಶುರುವಾದ್ರೆ ಮಾತ್ರ ಮುಚ್ಚುತ್ತೆ" ಎಂದ. "ಸುಮ್ನೆ ಕೂತ್ಕೊ" ಎಂಬ ಉತ್ತರ ಬಂತು. ಉಳಿದ ಅವಧಿ ಪಠ್ಯಪುಸ್ತಕದ ಓದಿನಲ್ಲಿ ಕಳೆಯಿತು. ನಾನು ವೀಕ್ಷಣಾ ಪುಸ್ತಕದಲ್ಲಿ "ತಂತ್ರಜ್ಞಾನದ ಬಳಕೆ ಸಾಲದು" ಎಂದು ಬರೆದು ಸಹಿ ಹಾಕಿದೆ.

ಆ ಷರಾ ತಪ್ಪು ಎಂದು ಈಗ ಅನ್ನಿಸುತ್ತದೆ.

ಸಂಜೆ ಇಬ್ಬರೂ ಅದೇ ಕಂಪ್ಯೂಟರಿನ ಮುಂದೆ ಕುಳಿತೆವು. ಒಂದು ಸಲಕ್ಕೆ ಒಂದನ್ನೇ ಬದಲಿಸುವುದು ಎಂದು ನಿರ್ಧರಿಸಿದೆವು. ಮೊದಲು ಉಳಿದ ಟ್ಯಾಬ್‌ಗಳನ್ನೆಲ್ಲ ಮುಚ್ಚಿ, ಶಿಫ್ಟ್ ಮತ್ತು ಎಸ್ಕೇಪ್ ಕೀಗಳನ್ನು ಒಟ್ಟಿಗೆ ಒತ್ತಿದೆವು. ಯಾವ ಟ್ಯಾಬ್, ಯಾವ ಎಕ್ಸ್‌ಟೆನ್ಶನ್ ಎಷ್ಟು ಮೆಮೊರಿ ತಿನ್ನುತ್ತಿದೆ ಎಂಬ ಪಟ್ಟಿ ಬಂತು. ಮೆಮೊರಿ ಬೇಕಾದಷ್ಟು ಉಳಿದಿದ್ದರೂ ಬ್ರೌಸರ್ ಮುಚ್ಚಿತು. ಆಮೇಲೆ ಇನ್‌ಕಾಗ್ನಿಟೊ ಕಿಟಕಿಯಲ್ಲಿ ತೆರೆದೆವು. ನಾವಾಗಿ ಅನುಮತಿ ಕೊಡದಿದ್ದರೆ ಅಲ್ಲಿ ಎಕ್ಸ್‌ಟೆನ್ಶನ್‌ಗಳು ಕೆಲಸ ಮಾಡುವುದಿಲ್ಲ. ಆಗಲೂ ಮುಚ್ಚಿತು, ಅಂದರೆ ತಪ್ಪು ಅವುಗಳದ್ದೂ ಅಲ್ಲ. ಆಗ ಹುಡುಗನ ಮಾತು ನೆನಪಾಯಿತು. ಚಿತ್ರ ಓಡಿದಾಗ ಮಾತ್ರ ಮುಚ್ಚುವುದಾದರೆ ಗ್ರಾಫಿಕ್ಸ್ ಕಡೆ ನೋಡಬೇಕಲ್ಲವೆ? ಸೆಟ್ಟಿಂಗ್ಸ್‌ನ ಸಿಸ್ಟಂ ವಿಭಾಗದಲ್ಲಿ ಹಾರ್ಡ್‌ವೇರ್ ಆಕ್ಸಿಲರೇಶನ್ ಆಫ್ ಮಾಡಿ ಬ್ರೌಸರನ್ನು ಮತ್ತೆ ತೆರೆದೆವು. ಚಿತ್ರ ಬಿಡಿಸುವ ಕೆಲಸ ಗ್ರಾಫಿಕ್ಸ್ ಚಿಪ್‌ನಿಂದ ಪ್ರೊಸೆಸರ್‌ಗೆ ಬಂತು. ಸಿಮ್ಯುಲೇಶನ್ ನಿಧಾನವಾಗಿ, ಆದರೆ ನಿಲ್ಲದೆ ಓಡಿತು.

ಓಮ್‌ನ ನಿಯಮದ ಪ್ರಯೋಗದಲ್ಲಿಯೂ ನಾವು ಹೇಳಿಕೊಡುವುದು ಇದನ್ನೇ: ವಾಹಕವನ್ನೂ ಅದರ ತಾಪವನ್ನೂ ಸ್ಥಿರವಾಗಿಟ್ಟು, ವಿಭವಾಂತರವನ್ನು ಮಾತ್ರ ಬದಲಿಸಿ, ವಿದ್ಯುತ್ ಪ್ರವಾಹ ಏನಾಗುತ್ತದೆಂದು ನೋಡಿ. ಪಾಠದ ತಿರುಳು ಮೇಜಿನ ಮೇಲೆಯೇ ಇತ್ತು. ಅದನ್ನು ಕಂಡವನು ಆ ಹುಡುಗ. ನಾವು ಅವನನ್ನು ಕೂರಿಸಿದೆವು.

"ನಾವು ಶಿಕ್ಷಕರು, ರಿಪೇರಿಯವರಲ್ಲ, ನಲವತ್ತು ನಿಮಿಷದ ಅವಧಿಯಲ್ಲಿ ಇದೆಲ್ಲ ಆಗುತ್ತದೆಯೇ?" ಎಂದು ಸಹೋದ್ಯೋಗಿಗಳು ಕೇಳಬಹುದು. ನ್ಯಾಯವಾದ ಪ್ರಶ್ನೆ. ತರಗತಿಯಲ್ಲಿ ಮೂರು ನಿಮಿಷಕ್ಕಿಂತ ಹೆಚ್ಚು ವ್ಯಯಿಸಬಾರದು. ಮಕ್ಕಳಿಂದ ಒಂದೆರಡು ಊಹೆ ಕೇಳಿ, ಒಂದನ್ನು ಪರೀಕ್ಷಿಸಿ, ಆಗದಿದ್ದರೆ ಶುಷ್ಕಕೋಶ, ತಂತಿ, ಅಮ್ಮೀಟರ್, ವೋಲ್ಟ್‌ಮೀಟರ್ ಎತ್ತಿಕೊಳ್ಳಬೇಕು. ಅವು ಮೇಜಿನ ಮೇಲೆ ಮೊದಲೇ ಸಿದ್ಧವಿರಬೇಕು. ರಿಪೇರಿ ಸಂಜೆಗಿರಲಿ. ಹಿಂದಿನ ದಿನವೇ ಶಾಲೆಯ ಅದೇ ಯಂತ್ರದಲ್ಲಿ ಒಮ್ಮೆ ಓಡಿಸಿ ನೋಡಿದ್ದರೆ ಆ ಮೂರು ನಿಮಿಷವೂ ಉಳಿಯುತ್ತಿತ್ತು. ಫೆಟ್ ಸಿಮ್ಯುಲೇಶನ್‌ಗಳನ್ನು ಇಳಿಸಿಕೊಂಡು ಪೆನ್‌ಡ್ರೈವ್‌ನಲ್ಲಿ ಒಯ್ಯಬಹುದು. ಆ ಕಡತ ತೆರೆದಾಗಲೂ ಬ್ರೌಸರ್ ಮುಚ್ಚಿಕೊಂಡರೆ, ತೊಂದರೆ ಇಂಟರ್ನೆಟ್‌ನದಲ್ಲ ಎಂದು ತಿಳಿಯುತ್ತದೆ.

ನಾವು ಮಾಡಿದ್ದು ಶಾಶ್ವತ ಪರಿಹಾರವಲ್ಲ. ವಿಂಡೋಸ್ 7ಕ್ಕೆ ಕ್ರೋಮ್‌ನ ಕೊನೆಯ ಆವೃತ್ತಿ 109. 2023ರ ಫೆಬ್ರವರಿಯಲ್ಲಿ ಬಂದ 110ನೆಯ ಆವೃತ್ತಿ ಅದರಲ್ಲಿ ನಡೆಯುವುದಿಲ್ಲ. ಸುರಕ್ಷತೆಯ ಅಪ್‌ಡೇಟ್ ನಿಂತ ಯಂತ್ರದಲ್ಲಿ ಪಾಸ್‌ವರ್ಡ್ ಹಾಕುವ, ಹಣದ ವ್ಯವಹಾರದ ಕೆಲಸ ಬೇಡ. ಹಗುರವಾದ ಲಿನಕ್ಸ್ ಹಾಕಿಸುವಂತೆ ಮುಖ್ಯ ಶಿಕ್ಷಕರಿಗೆ ತಿಳಿಸುವುದೂ ನಮ್ಮ ಜವಾಬ್ದಾರಿಯೇ.

ನನ್ನ ಸಲಹೆ ಚಿಕ್ಕದು. ವೀಕ್ಷಣಾ ಪುಸ್ತಕದಲ್ಲಿ "ತಂತ್ರಜ್ಞಾನದ ಬಳಕೆ" ಎಂಬ ಅಂಶದ ಕೆಳಗೆ ಇನ್ನೊಂದು ಸಾಲು ಸೇರಲಿ: ಉಪಕರಣ ಕೈಕೊಟ್ಟಾಗ ಪ್ರಶಿಕ್ಷಣಾರ್ಥಿ ಏನು ಮಾಡಿದರು, ಮಕ್ಕಳ ಮಾತು ಕೇಳಿದರೇ? ನಮ್ಮ ಪ್ರಶಿಕ್ಷಣಾರ್ಥಿಗಳು ಹೋಗಲಿರುವ ಶಾಲೆಗಳಲ್ಲಿ ಹೊಸ ಕಂಪ್ಯೂಟರಿಗಿಂತ ಹಳೆಯದೇ ಹೆಚ್ಚು ಸಿಕ್ಕೀತು. ಅದಕ್ಕೆ ಅವರನ್ನು ಸಿದ್ಧಗೊಳಿಸದೆ ಅಂಕ ಕಳೆಯುವುದು ಸರಿಯಲ್ಲ.